ಏನು ಮಾಡಿದ ಎಂದು ಹೇಳದ ಪದ

ವಿಜಯವಾಡದಲ್ಲಿ ಒಂದು ಒನ್ ಟೌನ್ ಇದೆ, ವಿಶಾಖಪಟ್ಟಣದಲ್ಲಿ ಇನ್ನೊಂದು. ಎರಡೂ ಆಯಾ ಊರಿನ ಹಳೆಯ ಭಾಗಗಳು. ವಿಜಯವಾಡದ್ದು ಇಂದ್ರಕೀಲಾದ್ರಿಯ ಬುಡದಲ್ಲಿ, ಕಾಳೇಶ್ವರರಾವ್ ಮಾರುಕಟ್ಟೆ ಮತ್ತು ಬಟ್ಟೆಯ ಸಗಟು ಅಂಗಡಿಗಳ ಸುತ್ತ ಹಬ್ಬಿದೆ. ವಿಶಾಖಪಟ್ಟಣದ್ದು ಬಂದರಿನ ಮಗ್ಗುಲಲ್ಲಿ, ಕುರುಪಾಂ ಮಾರುಕಟ್ಟೆಯ ಆಸುಪಾಸು. ಎರಡೂ ಕಡೆ ಬಡಾವಣೆಯ ಹೆಸರೂ ಒನ್ ಟೌನ್, ಪೊಲೀಸ್ ಠಾಣೆಯ ಹೆಸರೂ ಒನ್ ಟೌನ್. ಕನ್ನಡ ಮನೆಮಾತಿನವರಿರುವ ಆದೋನಿ, ಹಿಂದೂಪುರಗಳಲ್ಲೂ ಒನ್ ಟೌನ್ ಠಾಣೆಗಳಿವೆ. ಊರನ್ನು ಹೀಗೆ ಠಾಣೆಯ ಅಂಕೆಯಿಂದ ಗುರುತಿಸುವ ಕಡೆಗಳಲ್ಲೆಲ್ಲ ಮನುಷ್ಯರನ್ನು ಠಾಣೆಯ ಪುಸ್ತಕದಿಂದ ಗುರುತಿಸುವ ರೂಢಿಯೂ ಇದೆ. ಆ ಪುಸ್ತಕದ ಪದ ‘ರೌಡಿ’.

ಇಂಗ್ಲಿಷಿನಲ್ಲಿ ಇದು ಸಣ್ಣ ಪದ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಜಗಳ, ಗದ್ದಲ ಎಂಬ ಅರ್ಥದ ‘ರೌ’ ಎಂಬ ಪದದ ನೆಂಟ ಇರಬಹುದು ಎನ್ನುತ್ತಾರೆ. ಇವತ್ತು ಅಲ್ಲಿ ಅದು ಹೆಚ್ಚಾಗಿ ಗುಣವಾಚಕ. ಮೇಷ್ಟ್ರು ಹೊರಗೆ ಹೋದಾಗ ಗಲಾಟೆ ಮಾಡುವ ತರಗತಿ ರೌಡಿ. ಮದುವೆಯಲ್ಲಿ ಕುಡಿದು ಕುಣಿಯುವ ನೆಂಟರು ರೌಡಿ. ಗದ್ದಲ ನಿಂತರೆ ಆ ಗುಣವೂ ಮುಗಿಯಿತು. ಅದೇ ಪದ ಮದ್ರಾಸ್ ಸೀಮೆಯ ಠಾಣೆಗಳ ಮೂಲಕ ತೆಲುಗಿಗೂ ಕನ್ನಡಕ್ಕೂ ತಮಿಳಿಗೂ ಬಂದು ನಾಮಪದವಾಯಿತು. ಅದಕ್ಕೊಂದು ಹಾಳೆ ಅಂಟಿಕೊಂಡಿತು. ಹಾಳೆ ಇದ್ದವನು ‘ರೌಡಿಶೀಟರ್’ ಆದ. ಇಂಗ್ಲೆಂಡಿನವನಿಗೂ ಅಮೆರಿಕದವನಿಗೂ ಅರ್ಥವಾಗದ ಇಂಗ್ಲಿಷ್ ಪದ ಇದು. ಗದ್ದಲ ನಿಂತರೂ ಇದು ನಿಲ್ಲುವುದಿಲ್ಲ.

ಕನ್ನಡ ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ಅನುವಾದಕರೂ ಈ ಪದವನ್ನು ಬಿಡಬೇಕು. ಭಾಷೆಯ ಶುದ್ಧಿಗಾಗಿ ಅಲ್ಲ. ಇಂಗ್ಲಿಷಿನಿಂದ ಬಂದ ನೂರಾರು ಪದಗಳು ಕನ್ನಡದಲ್ಲಿ ಚೆನ್ನಾಗಿಯೇ ಬಾಳುತ್ತಿವೆ, ಬಾಳಲಿ. ರೌಡಿ ಬೇಡವಾಗಿರುವುದಕ್ಕೆ ಕಾರಣ ಬೇರೆ: ಅದು ಒಬ್ಬ ಮನುಷ್ಯ ಏನು ಮಾಡಿದ ಎಂದು ಹೇಳುವುದಿಲ್ಲ, ಅವನು ಏನು ಎಂದು ಮಾತ್ರ ಹೇಳುತ್ತದೆ. ಮಾಡಿದ್ದನ್ನು ಸುಳ್ಳೆಂದು ತೋರಿಸಬಹುದು, ಅದಕ್ಕೆ ಶಿಕ್ಷೆ ಅನುಭವಿಸಿ ಮುಗಿಸಬಹುದು. ‘ಆಗಿರುವುದನ್ನು’ ಮುಗಿಸುವ ದಾರಿ ಇಲ್ಲ.

*

ಬಲ ತೋರಿಸುವ ನಡತೆಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಏಣಿಯೇ ಇದೆ. ಕೆಳಗಿನ ಮೆಟ್ಟಿಲು ‘ಅಸರ್ಟಿವ್’: ತನ್ನ ಹಕ್ಕನ್ನೂ ಅಭಿಪ್ರಾಯವನ್ನೂ ಅಳುಕದೆ ಹೇಳುವುದು, ಎದುರಿನವರ ಹಕ್ಕನ್ನು ತುಳಿಯದೆ. ಅದರ ಮೇಲೆ ‘ಫೋರ್ಸ್‌ಫುಲ್’: ಹೇಳುವ ರೀತಿಗೇ ಒಂದು ತೂಕ. ‘ಪುಶಿ’ ಎಂದರೆ ಬೇಡವೆಂದರೂ ಬಿಡದೆ ಮೇಲೆ ಬೀಳುವವನು, ವಿಮೆ ಮಾರುವವನ ಹಾಗೆ. ‘ಬಾಸಿ’ ಎಂದರೆ ಅಧಿಕಾರ ಇಲ್ಲದಿದ್ದರೂ ಇರುವಂತೆ ಅಪ್ಪಣೆ ಕೊಡುವವರು. ‘ಓವರ್‌ಬೇರಿಂಗ್’ ಎಂದರೆ ಇತರರಿಗೆ ಉಸಿರಾಡಲೂ ಜಾಗ ಬಿಡದವರು. ‘ಅಗ್ರೆಸಿವ್’ ಬಂದಾಗ ಎದುರಿನವರಿಗೆ ಏಟು ಬೀಳಬಹುದೆಂಬ ಭಯ ಶುರುವಾಗುತ್ತದೆ. ‘ಬುಲಿ’ ತನಗಿಂತ ದುರ್ಬಲರನ್ನೇ ಆರಿಸಿಕೊಂಡು ಮತ್ತೆ ಮತ್ತೆ ಕಾಡುತ್ತಾನೆ. ‘ಹೂಲಿಗನ್’ ಗುಂಪಿನಲ್ಲಿ ಬರುತ್ತಾನೆ. ಆ ಪದ 1890ರ ದಶಕದ ಲಂಡನ್ ಪತ್ರಿಕೆಗಳಲ್ಲಿ ಹಬ್ಬಿತು. ತುದಿಯಲ್ಲಿ ‘ಥಗ್’.

ಈ ಏಣಿಯೂ ನ್ಯಾಯವಾಗಿಯೇನೂ ಇಲ್ಲ. ಒಂದೇ ನಡತೆಗೆ ಗಂಡಸಿಗೆ ಮೇಲಿನ ಅಂಕ, ಹೆಂಗಸಿಗೆ ಕೆಳಗಿನದು ಸಿಗುತ್ತದೆ ಎಂದು ಇಂಗ್ಲಿಷಿನ ಹೆಂಗಸರು ಬಹುಕಾಲದಿಂದ ಹೇಳುತ್ತಿದ್ದಾರೆ. 2014ರಲ್ಲಿ ‘ಬಾಸಿ’ ಪದವನ್ನೇ ನಿಷೇಧಿಸಿ ಎಂಬ ಅಭಿಯಾನ ಅಮೆರಿಕದಲ್ಲಿ ನಡೆಯಿತು, ಫೇಸ್‌ಬುಕ್‌ನ ದೊಡ್ಡ ಹುದ್ದೆಯಲ್ಲಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಅದರ ಮುಂದಾಳು. ಚೂಟಿಯಾದ ಹುಡುಗನಿಗೆ ನಾಯಕತ್ವದ ಗುಣ, ಅಷ್ಟೇ ಚೂಟಿಯಾದ ಹುಡುಗಿಗೆ ಬಾಸಿ ಎಂಬ ಬೈಗುಳ ಎಂಬುದು ಅವರ ದೂರು.

ಆದರೂ ಈ ಏಣಿಯಿಂದ ಒಂದು ಉಪಯೋಗವಿದೆ. ಪ್ರತಿ ಮೆಟ್ಟಿಲೂ ಒಂದು ಪ್ರಶ್ನೆ ಕೇಳುತ್ತದೆ. ಎದುರಿನವನ ಹಕ್ಕಿಗೆ ಧಕ್ಕೆ ಆಯಿತೇ? ಒಮ್ಮೆಯೋ, ಮತ್ತೆ ಮತ್ತೆಯೋ? ಒಬ್ಬನೋ, ಗುಂಪೋ? ಮಾತೋ, ಕೈಯೋ? ಕನ್ನಡ ಅನುವಾದದಲ್ಲಿ ಈ ಪ್ರಶ್ನೆಗಳೇ ಮಾಯವಾಗುತ್ತಿವೆ. ‘ಅಗ್ರೆಸಿವ್’ ಕಂಡ ಕೂಡಲೇ ‘ಆಕ್ರಮಣಕಾರಿ’ ಎಂದು ಬರೆಯುತ್ತಾರೆ. ಬ್ಯಾಟ್ಸ್‌ಮನ್ ಆಕ್ರಮಣಕಾರಿ, ಕಂಪನಿಯ ಮಾರಾಟ ಆಕ್ರಮಣಕಾರಿ, ಬೀದಿನಾಯಿ ಆಕ್ರಮಣಕಾರಿ, ಕೊನೆಗೆ ಕ್ಯಾನ್ಸರ್ ಕೂಡ ಆಕ್ರಮಣಕಾರಿ. ಬೀಸಾಟ, ಬೆನ್ನು ಬಿದ್ದು ಮಾರುವುದು, ಮೈಮೇಲೆ ಎರಗುವ ನಾಯಿ, ಬೇಗ ಹರಡುವ ರೋಗ ಎನ್ನಲು ಕನ್ನಡಕ್ಕೆ ಏನು ಕಷ್ಟ?

ಕನ್ನಡದ ಹತ್ತಿರ ಪದಗಳಿಲ್ಲ ಎನ್ನುವವರು ಒಂದು ದಿನ ಯಾವುದಾದರೂ ಸಂತೆಯಲ್ಲಿ ನಿಂತು ಕೇಳಬೇಕು. ಜೋರು ಮಾಡುವುದು, ಗದರುವುದು, ದಬಾಯಿಸುವುದು, ಹೆದರಿಸುವುದು, ಒತ್ತಾಯ, ಬಲವಂತ, ಜುಲುಮೆ, ದಬ್ಬಾಳಿಕೆ, ದರ್ಪ, ಪುಂಡಾಟ, ಕಿರುಕುಳ. ಪ್ರತಿಯೊಂದಕ್ಕೂ ತನ್ನದೇ ಅಳತೆ ಇದೆ. ‘ಒತ್ತಾಯ’ ಮಾಡಿ ಊಟ ಬಡಿಸಬಹುದು, ‘ಬಲವಂತ’ವಾಗಿ ಬಡಿಸಿದರೆ ನೆಂಟ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ, ‘ಜುಲುಮೆ’ಯಿಂದ ಬಡಿಸಿದರೆ ಎದ್ದೇ ಹೋಗುತ್ತಾನೆ. ‘ಜಬರದಸ್ತು’ ಪಾರಸಿಯಿಂದ ಬಂದದ್ದು. ಅಲ್ಲಿ ಅದರ ಅಕ್ಷರಾರ್ಥ ‘ಮೇಲಿನ ಕೈ’. ಇದಕ್ಕಿಂತ ಚೊಕ್ಕವಾಗಿ ಬಲವನ್ನು ಬಣ್ಣಿಸುವುದು ಕಷ್ಟ.

ಕೊರತೆ ಪದಗಳದ್ದಲ್ಲ. ಕನ್ನಡದ ಏಣಿಗೆ ಒಂದು ಓರೆ ಇದೆ. ಮೇಲಿನವರು ಬಲ ತೋರಿಸಿದರೆ ಅದು ಗತ್ತು, ಖದರು, ವರ್ಚಸ್ಸು, ಅಧಿಕಾರಿಯಾದರೆ ‘ಖಡಕ್’. ಕೆಳಗಿನವರು ಅದರ ಕಾಲುಭಾಗ ತೋರಿಸಿದರೆ ಸೊಕ್ಕು, ಕೊಬ್ಬು, ಪೊಗರು, ಬಾಯಿ ಜೋರು. ಹೆಂಗಸಾದರೆ ಗಯ್ಯಾಳಿ, ಗಂಡುಬೀರಿ, ಬಜಾರಿ. ಇದರಲ್ಲಿ ‘ಬಜಾರಿ’ಯನ್ನು ನೋಡಿ. ಬಜಾರಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳು ದನಿ ಎತ್ತದಿದ್ದರೆ ಅವಳ ಸೊಪ್ಪು ಸಂಜೆಗೆ ಬಾಡಿ ಹೋಗುತ್ತದೆ. ಹೊಟ್ಟೆಪಾಡಿಗೆ ಬೇಕಾದ ದನಿಯೇ ಅವಳಿಗೆ ಬೈಗುಳವಾಗಿದೆ. ‘ಅಸರ್ಟಿವ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಸಿಗದಿರುವುದು ಈ ಕಾರಣಕ್ಕೆ. ಯಾರ ಹಕ್ಕನ್ನು ಯಾರೂ ಪ್ರಶ್ನಿಸುವುದಿಲ್ಲವೋ ಅವನು ಅದನ್ನು ದೃಢವಾಗಿ ಹೇಳಬೇಕಾಗಿಯೇ ಇಲ್ಲ. ಹೇಳಬೇಕಾದವನು ಹೇಳಿದಾಗ ಕೇಳಿಸಿಕೊಂಡವರು ಅದನ್ನು ಸೊಕ್ಕು ಎಂದು ಕರೆದರು.

*

ಈ ಓರೆ ಏಣಿಯ ಪಕ್ಕದಲ್ಲಿ ಕಾನೂನಿನ ಏಣಿಯನ್ನು ಇಟ್ಟು ನೋಡಬೇಕು. ಮೆಕಾಲೆಯ ಆಯೋಗ 1837ರಲ್ಲಿ ಕರಡು ಮಾಡಿ, 1860ರಲ್ಲಿ ಕಾಯ್ದೆಯಾದ ಭಾರತೀಯ ದಂಡ ಸಂಹಿತೆಯಲ್ಲಿ ಬಲಕ್ಕೆ ಮೂರು ಬೇರೆ ಬೇರೆ ಸೆಕ್ಷನ್‌ಗಳಿದ್ದವು. 349 ಬರೀ ಬಲ, 350 ಅಪರಾಧಿಕ ಬಲಪ್ರಯೋಗ, 351 ಹಲ್ಲೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ 128, 129, 130. ದಡಕ್ಕೆ ಕಟ್ಟಿದ ದೋಣಿಯಲ್ಲಿ ಒಬ್ಬ ಕೂತಿದ್ದಾನೆ, ಇನ್ನೊಬ್ಬ ಬೇಕೆಂದೇ ಹಗ್ಗ ಬಿಚ್ಚಿದ, ದೋಣಿ ತೇಲಿತು; ಮೈ ಮುಟ್ಟದಿದ್ದರೂ ಇದು ಬಲಪ್ರಯೋಗ ಎಂದು ಕಾನೂನಿನ ಉದಾಹರಣೆ ಹೇಳುತ್ತದೆ. ಕಚ್ಚುವ ನಾಯಿಯ ಬಾಯಿಬುಟ್ಟಿಯನ್ನು ಒಬ್ಬರ ಎದುರು ಬಿಚ್ಚತೊಡಗಿದರೆ ಅದು ಹಲ್ಲೆ, ನಾಯಿ ಇನ್ನೂ ಕಚ್ಚಿಲ್ಲದಿದ್ದರೂ. ಕನ್ನಡ ವರದಿಯಲ್ಲಿ ‘ಹಲ್ಲೆ’ ಎಂದರೆ ಹೊಡೆತ ಬಿದ್ದಿದೆ ಎಂದೇ ಅರ್ಥ; ಕಾನೂನಿನಲ್ಲಿ ಹೊಡೆಯುವ ಸನ್ನೆಯೇ ಸಾಕು. ಇನ್ನು ಗಾಯ ಬೇರೆ, ತೀವ್ರ ಗಾಯ ಬೇರೆ, ದಾರಿ ಅಡ್ಡಗಟ್ಟುವುದು ಬೇರೆ, ಕೂಡಿಹಾಕುವುದು ಬೇರೆ, ಬೆದರಿಕೆ ಬೇರೆ, ಬೆದರಿಸಿ ಹಣ ಕೀಳುವುದು ಬೇರೆ. ಒಂದೊಂದಕ್ಕೂ ಬೇರೆ ವಿವರಣೆ, ಬೇರೆ ಶಿಕ್ಷೆ. ವಸಾಹತು ಸರಕಾರದ ಈ ಕಾನೂನನ್ನು ಹೊಗಳಬೇಕಾದ್ದೇನಿಲ್ಲ. ಆದರೆ ಏನು ನಡೆಯಿತು ಎಂದು ಕೇಳುವ ಶಿಸ್ತು ಅದಕ್ಕಿತ್ತು.

ಆ ಸಂಹಿತೆಯಲ್ಲಿ ರೌಡಿ ಎಂಬ ಅಪರಾಧ ಇಲ್ಲ. ಹೊಸ ಸಂಹಿತೆಯಲ್ಲೂ ಇಲ್ಲ. ಅದು ಇರುವುದು ಪೊಲೀಸ್ ಕೈಪಿಡಿಗಳಲ್ಲಿ: ಆಂಧ್ರದಲ್ಲಿ 601ನೇ ಸ್ಥಾಯಿ ಆದೇಶ, ಕರ್ನಾಟಕದಲ್ಲಿ 1059ನೇ ಆದೇಶ. ಆಂಧ್ರದ ಪಟ್ಟಿಯಲ್ಲಿ ಯಾರು ಯಾರನ್ನು ರೌಡಿ ಎನ್ನಬಹುದು ಎಂದು ನೋಡಿದರೆ ಪದದ ಗತಿ ಗೊತ್ತಾಗುತ್ತದೆ. ಶಾಂತಿಭಂಗ ಮಾಡುವುದು ಚಾಳಿಯಾದವರು. ಹೆಣ್ಣುಮಕ್ಕಳನ್ನು ಮತ್ತೆ ಮತ್ತೆ ಚುಡಾಯಿಸುವವರು. ಅಂಗಡಿಯವರನ್ನು ಬೆದರಿಸಿ ದುಡ್ಡು ವಸೂಲಿ ಮಾಡುವವರು. ಕೋಮು, ಜಾತಿ, ರಾಜಕೀಯ ಗಲಭೆಗೆ ಕುಮ್ಮಕ್ಕು ಕೊಡುವವರು. ಮತಪತ್ರ ಹೊತ್ತೊಯ್ದು ಶಿಕ್ಷೆಯಾದವರು. ಬಸ್ ನಿಲ್ದಾಣದಲ್ಲಿ ಹುಡುಗಿಯರನ್ನು ಚುಡಾಯಿಸುವವನಿಗೂ ಕೋಮುಗಲಭೆ ಹಚ್ಚುವವನಿಗೂ ಒಂದೇ ಹೆಸರು. ಕಾನೂನು ಹತ್ತಾರು ಮೆಟ್ಟಿಲಾಗಿ ಬಿಡಿಸಿಟ್ಟದ್ದನ್ನು ಠಾಣೆಯ ಪುಸ್ತಕ ಒಂದೇ ಗೋಣಿಚೀಲಕ್ಕೆ ತುಂಬುತ್ತದೆ.

ಹಾಳೆ ತೆರೆದ ಮೇಲೆ ಮನೆಯ ಮೇಲೆ ಕಣ್ಣು ಬೀಳುತ್ತದೆ. ಹಬ್ಬಕ್ಕೆ, ಚುನಾವಣೆಗೆ, ದೊಡ್ಡ ಮೆರವಣಿಗೆಗೆ ಮೊದಲು ಠಾಣೆಗೆ ಕರೆ ಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ‘ರೌಡಿ ಪರೇಡ್’ ಎಂಬ ಹೆಸರೂ ಇದೆ. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ತಲೆಗೂದಲಿನ ಬಗ್ಗೆ, ತೋಳಿನ ಹಚ್ಚೆಯ ಬಗ್ಗೆ ಅಧಿಕಾರಿ ಗದರುವ ದೃಶ್ಯ ಸಂಜೆಯ ಸುದ್ದಿಯಲ್ಲಿ ಬರುತ್ತದೆ. ಸಾಲಿನಲ್ಲಿ ನಿಂತವನ ಮೇಲಿನ ಕೇಸು ಖುಲಾಸೆ ಆಗಿದೆಯೋ, ಹತ್ತು ವರ್ಷ ಹಳೆಯದೋ ಎಂದು ಕ್ಯಾಮೆರಾ ಕೇಳುವುದಿಲ್ಲ. ಗದರುವ ಅಧಿಕಾರಿಗೆ ‘ಖಡಕ್ ವಾರ್ನಿಂಗ್’ ಎಂಬ ಶೀರ್ಷಿಕೆ. ಕೈಕಟ್ಟಿ ನಿಂತವನಿಗೆ ‘ರೌಡಿ’. ಆ ಹೊತ್ತಿನಲ್ಲಿ ಆ ಮೈದಾನದಲ್ಲಿ ಜೋರು ಮಾಡುತ್ತಿರುವವರು ಯಾರು ಎಂದು ನೋಡಿದವರಿಗೆಲ್ಲ ಗೊತ್ತು.

ನ್ಯಾಯಾಲಯಗಳು ಇದನ್ನು ಗಮನಿಸಿಲ್ಲ ಎನ್ನಲಾಗದು. ಸರಹದ್ದಿನ ಪುಸ್ತಕದಲ್ಲಿ ಹೆಸರಿದೆ ಎಂಬ ಕಾರಣಕ್ಕೆ ರಾತ್ರಿ ಹೊತ್ತು ಮನೆ ಬಾಗಿಲು ಬಡಿಯುವುದು ಸಂವಿಧಾನಕ್ಕೆ ವಿರುದ್ಧ ಎಂದು ಖರಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1962ರಲ್ಲೇ ಹೇಳಿತು. ರೌಡಿ ಹಾಳೆಯನ್ನು ಯಾಂತ್ರಿಕವಾಗಿ ತೆರೆಯಕೂಡದು ಎಂದು ಆಂಧ್ರ ಹೈಕೋರ್ಟು 1990ರ ದಶಕದ ಕೊನೆಯಲ್ಲಿ ಹೇಳಿತು. 2022ರಲ್ಲಿ ಅದೇ ರಾಜ್ಯದ ಹೈಕೋರ್ಟಿನ ಏಕಸದಸ್ಯ ಪೀಠ ಇನ್ನೂ ಮುಂದೆ ಹೋಗಿ, ಸ್ಥಾಯಿ ಆದೇಶ ಕಾನೂನೇ ಅಲ್ಲ, ಅದರ ಬಲದ ಮೇಲೆ ಒಬ್ಬನ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ ಎಂದಿತು. ವಿಷಯ ಮೇಲ್ಮನವಿಗೆ ಹೋಯಿತು. ಅದೇ ವರ್ಷ ಕರ್ನಾಟಕ ಹೈಕೋರ್ಟು, ಹೆಸರು ಸೇರಿಸುವ ಮೊದಲು ನೋಟಿಸು ಕೊಟ್ಟು ಆ ವ್ಯಕ್ತಿಯ ಮಾತು ಕೇಳಬೇಕು ಎಂದು ಮಾರ್ಗಸೂಚಿ ಹಾಕಿತು. ಇಷ್ಟೆಲ್ಲ ಆದರೂ ಪತ್ರಿಕೆಯ ಡೆಸ್ಕಿನಲ್ಲಿ ನೋಟಿಸೂ ಇಲ್ಲ, ವಿಚಾರಣೆಯೂ ಇಲ್ಲ. ಠಾಣೆ ಕೊಟ್ಟ ಪದ ಮರುದಿನ ಮುಖಪುಟದ ಪದ.

*

ಮಾಡಿದ್ದನ್ನು ಬಿಟ್ಟು ಮನುಷ್ಯನನ್ನು ಹೆಸರಿಸುವ ಈ ಚಾಳಿ ಹಳೆಯದು. ‘ಥಗ್’ ಎಂಬ ಇಂಗ್ಲಿಷ್ ಪದ ಭಾರತದ್ದೇ. ಅದರ ಬಳಗದ ‘ಠಕ್ಕ’ ಕನ್ನಡದಲ್ಲಿ ಇವತ್ತಿಗೂ ಮೋಸಗಾರ, ಮಾತಿನಲ್ಲಿ ಟೋಪಿ ಹಾಕುವವನು. ಇಂಗ್ಲಿಷಿಗೆ ಹೋಗಿ ಅವನು ಕೊಲೆಗಡುಕನಾದ. ಕಂಪನಿ ಸರಕಾರ 1836ರಲ್ಲಿ ಒಂದು ಕಾಯ್ದೆ ತಂದಿತು. ಥಗ್ಗರ ತಂಡಕ್ಕೆ ಸೇರಿದವನು ಎಂದು ರುಜುವಾತಾದರೆ ಸಾಕು, ಜೀವಾವಧಿ ಕಠಿಣ ಶಿಕ್ಷೆ. ಇಂಥ ದಿನ ಇಂಥವನನ್ನು ಕೊಂದ ಎಂದು ತೋರಿಸಬೇಕಾಗಿರಲಿಲ್ಲ. ಥಗ್ ಎಂದರೆ ಯಾರು ಎಂದು ಕಾಯ್ದೆಯಲ್ಲಿ ವಿವರಿಸಿಯೂ ಇರಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಹುಟ್ಟಿದ ಜಾತಿಯೇ ಸಾಕು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು.

ವಿಜಯವಾಡದಿಂದ ಚೆನ್ನೈ ಕಡೆಗೆ ರೈಲಿನಲ್ಲಿ ಹೋದರೆ ತೆನಾಲಿ, ಬಾಪಟ್ಲ ದಾಟಿದ ಮೇಲೆ ಸ್ಟುವರ್ಟ್‌ಪುರಂ ಸಿಗುತ್ತದೆ. 1910ರ ದಶಕದಲ್ಲಿ ಸಾಲ್ವೇಶನ್ ಆರ್ಮಿಯ ಉಸ್ತುವಾರಿಯಲ್ಲಿ ಎರುಕಲ ಕುಟುಂಬಗಳನ್ನು ತಂದು ಕೂಡಿಹಾಕಿದ ವಸಾಹತು ಅದು. ಎರುಕಲರು ಕರ್ನಾಟಕದ ಕೊರಚ, ಕೊರಮರಿಗೆ ಹತ್ತಿರದ ಜನ. ಹುಬ್ಬಳ್ಳಿ ಮತ್ತು ಗದಗಿನಲ್ಲೂ ಇಂಥ ವಸಾಹತುಗಳಿದ್ದವು. ಅಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಪದ ರದ್ದಾಗಲಿಲ್ಲ. ತೆಲುಗು ಸೀಮೆಯಲ್ಲಿ ಸ್ಟುವರ್ಟ್‌ಪುರಂ ಎಂದರೆ ಕಳ್ಳರ ಊರು ಎಂಬ ಅರ್ಥ ಸಿನಿಮಾಗಳ ಕೈಯಲ್ಲಿ ಇನ್ನಷ್ಟು ಬೇರುಬಿಟ್ಟಿತು. ಅಲ್ಲಿಂದ ಓದಿ ಮೇಲೆ ಬಂದವರೂ ಊರಿನ ಹೆಸರು ಹೇಳುವ ಮುನ್ನ ಒಂದು ಕ್ಷಣ ಯೋಚಿಸಬೇಕು.

ಅದೇ ರೈಲುದಾರಿಯಲ್ಲಿ ಮುಂದಿನ ದೊಡ್ಡ ನಿಲ್ದಾಣ ಚೀರಾಲ. ಚೀರಾಲದ ಪಕ್ಕದಲ್ಲೇ ಕಾರಂಚೇಡು. 1985ರ ಜುಲೈನಲ್ಲಿ ಅಲ್ಲಿ ದಲಿತರು ಕುಡಿಯುವ ನೀರಿನ ಕೆರೆಯಲ್ಲಿ ಮೇಲ್ಜಾತಿಯ ಹುಡುಗರು ಎಮ್ಮೆಯ ಕೊಳಕು ನೀರು ಬಿಟ್ಟರು. ಅದನ್ನು ಕೇಳಿದ್ದಕ್ಕೆ ಹೊಡೆಯಬಂದರು. ನೀರಿಗೆ ಬಂದಿದ್ದ ಒಬ್ಬ ದಲಿತ ಹೆಣ್ಣುಮಗಳು ಕೈಯಲ್ಲಿದ್ದ ಬಿಂದಿಗೆ ಎತ್ತಿ ತಡೆದಳು. ಮರುದಿನ, ಜುಲೈ 17ರಂದು, ಭೂಮಾಲೀಕ ಜಾತಿಯವರ ಗುಂಪು ದಲಿತರ ಕೇರಿಯ ಮೇಲೆ ಬಿತ್ತು. ಆರು ಮಂದಿ ದಲಿತರನ್ನು ಕೊಂದರು, ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಉಳಿದವರು ಚೀರಾಲಕ್ಕೆ ಓಡಿಬಂದರು. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಮುಗಿಯುವಾಗ 2008.

ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟರೆ ಪದಗಳ ಸತ್ಯ ಹೊರಬೀಳುತ್ತದೆ. ಒಂದು ಊರಿನಲ್ಲಿ ಹುಟ್ಟಿದ್ದೇ ತಪ್ಪಾಗಿ, ಏನೂ ಮಾಡದವರಿಗೂ ಅಪರಾಧಿ ಎಂಬ ಹೆಸರು ತಲೆಮಾರುಗಟ್ಟಲೆ ನಿಂತಿತು. ಇನ್ನೊಂದು ಊರಿನಲ್ಲಿ ಹಗಲು ಹೊತ್ತಿನಲ್ಲಿ ಗುಂಪುಗಟ್ಟಿ ಕೊಂದರೂ ಆ ಜಾತಿಗೆ, ಆ ಊರಿಗೆ ಅಂಥ ಹೆಸರು ಅಂಟಲಿಲ್ಲ. ಅಂಟಬೇಕಾಗಿಯೂ ಇರಲಿಲ್ಲ, ಯಾವ ಜಾತಿಗೂ ಅಂಟಬಾರದು. ಆದರೆ ‘ರೌಡಿ’ ಎಂಬುದು ಮಾಡಿದ ಹಿಂಸೆಯ ಅಳತೆಯಾಗಿದ್ದರೆ ಮೊದಲು ಯಾರಿಗೆ ಸಲ್ಲಬೇಕಿತ್ತು? ಬಿಂದಿಗೆ ಎತ್ತಿದವಳ ನಡತೆಗೆ ಇಂಗ್ಲಿಷ್ ಏಣಿಯಲ್ಲಿ ಕೆಳಗಿನ ಮೆಟ್ಟಿಲಿನ ಪದ ಸಲ್ಲುತ್ತದೆ: ಅಸರ್ಟಿವ್. ಇನ್ನೊಬ್ಬರ ಹಕ್ಕನ್ನು ತುಳಿಯದೆ ತನ್ನ ಹಕ್ಕನ್ನು ಹೇಳುವುದು. ಕೊಂದವರ ಕಣ್ಣಿಗೆ ಅದು ಪೊಗರು. ಆರು ಜೀವ ತೆಗೆಯಲು ಆ ಒಂದು ಪದದ ವ್ಯತ್ಯಾಸ ಸಾಕಾಯಿತು.

ಆ ದಶಕದ ಕೊನೆಗೆ ಬಂದ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇಲ್ಲಿ ಪಾಠವಾಗಬಲ್ಲದು. ‘ದೌರ್ಜನ್ಯ’ ಎಂಬ ದೊಡ್ಡ ಪದವನ್ನು ಅದು ಹಾಗೇ ಬಿಡಲಿಲ್ಲ. ತಿನ್ನಬಾರದ್ದನ್ನು ತಿನ್ನಿಸುವುದು, ಬೆತ್ತಲೆ ಮೆರವಣಿಗೆ ಮಾಡುವುದು, ಭೂಮಿ ಕಬಳಿಸುವುದು, ದಲಿತರು ಬಳಸುವ ನೀರನ್ನು ಹೊಲಸು ಮಾಡುವುದು ಎಂದು ಒಂದೊಂದು ಕೃತ್ಯವನ್ನೂ ಬಿಡಿಯಾಗಿ ಬರೆಯಿತು. ಹಿಂಸೆಗೆ ಒಳಗಾದವರಿಗೆ ಸಾಮಾನ್ಯ ಪದಗಳಿಂದ ನ್ಯಾಯ ಸಿಗುವುದಿಲ್ಲ, ನಡೆದದ್ದನ್ನು ಹೆಸರಿಟ್ಟು ಹೇಳಬೇಕು ಎಂಬ ತಿಳಿವಳಿಕೆ ಅಲ್ಲಿದೆ.

ಇದರ ತದ್ವಿರುದ್ಧ ಉದಾಹರಣೆ ಕರ್ನಾಟಕದ 1985ರ ‘ಗೂಂಡಾ ಕಾಯ್ದೆ’. ಅದರ ಪೂರ್ತಿ ಹೆಸರಿನಲ್ಲಿ ಕಳ್ಳಭಟ್ಟಿಯವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು ಎಂದು ಸಾಲು ಸಾಲು ಜನರಿದ್ದಾರೆ. 2014ರಲ್ಲಿ ಆ ಸಾಲಿಗೆ ಆ್ಯಸಿಡ್ ಎರಚುವವರೂ ಸೇರಿದರು, ಸಿನಿಮಾ ನಕಲು ಮಾಡುವವರೂ ಸೇರಿದರು. ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿ ಇಡಬಹುದು. ಸುದ್ದಿಯಲ್ಲಿ ಎಲ್ಲರಿಗೂ ‘ಗೂಂಡಾ ಕಾಯ್ದೆ ಜಾರಿ’. ಹುಡುಗಿಯ ಮುಖಕ್ಕೆ ಆ್ಯಸಿಡ್ ಎರಚಿದವನನ್ನೂ ಸಿನಿಮಾ ನಕಲು ಮಾಡಿದವನನ್ನೂ ಒಂದೇ ಪದದಲ್ಲಿ ಕರೆದಾಗ ಅನ್ಯಾಯ ಆಗುವುದು ನಕಲು ಮಾಡಿದವನಿಗೆ ಮಾತ್ರವಲ್ಲ, ಆ ಹುಡುಗಿಗೂ.

*

ಜನರೇ ಬಳಸುವ ಪದವನ್ನು ಬಿಡಿ ಎನ್ನಲು ಇವರು ಯಾರು ಎಂಬ ಪ್ರಶ್ನೆ ಬರಬಹುದು. ವಿಜಯವಾಡದ ಜನ ಈ ಪದವನ್ನು ಹೇಗೆ ಬಳಸಿದರು ಎಂಬುದನ್ನೇ ನೋಡಬಹುದು. 1970, 80ರ ದಶಕಗಳಲ್ಲಿ ಆ ಊರು ಗುಂಪು ಕಾಳಗಗಳಿಗೆ ಹೆಸರಾಗಿತ್ತು. ಅಲ್ಲಿನ ಶಾಸಕ ವಂಗವೀಟಿ ಮೋಹನರಂಗಾ ಅವರನ್ನು 1988ರ ಡಿಸೆಂಬರ್ 26ರಂದು, ಉಪವಾಸ ಕೂತಿದ್ದಾಗ ಕೊಂದರು. ಊರು ಹೊತ್ತಿ ಉರಿಯಿತು, ಕರ್ಫ್ಯೂ ಬಿತ್ತು. ಎದುರಾಳಿಗಳ ಬಾಯಲ್ಲಿ ಅವರು ರೌಡಿ, ಅಭಿಮಾನಿಗಳ ಬಾಯಲ್ಲಿ ಬಡವರ ನಾಯಕ. ಅವರ ಪ್ರತಿಮೆಗಳಿಗೆ ಇವತ್ತಿಗೂ ಹಾರ ಬೀಳುತ್ತದೆ. ಒಬ್ಬನೇ ಮನುಷ್ಯನ ಬಗ್ಗೆ ಎರಡು ಪಂಗಡಗಳು ಎರಡು ತುದಿಯ ಪದ ಹೇಳುವಾಗ, ಆ ಪದ ಸುದ್ದಿ ಹೇಳುತ್ತಿಲ್ಲ, ಹೇಳುವವರು ಯಾವ ಪಂಗಡ ಎಂದು ಹೇಳುತ್ತಿದೆ. ಸುದ್ದಿಮನೆ ಅದನ್ನು ಎತ್ತಿಕೊಂಡರೆ ತಾನೂ ಒಂದು ಪಂಗಡ ಸೇರಿದ ಹಾಗೆ.

ಸಿನಿಮಾ ಇದನ್ನು ಇನ್ನೊಂದು ಕಡೆಗೆ ಎಳೆದಿದೆ. ವಿಜಯವಾಡದಲ್ಲಿ ಎಂಜಿನಿಯರಿಂಗ್ ಓದಿದ ರಾಮಗೋಪಾಲ ವರ್ಮಾ 1989ರಲ್ಲಿ ‘ಶಿವ’ ಮಾಡಿದ ಮೇಲೆ ಸೈಕಲ್ ಚೈನು ಕೂಡ ತಾರೆಯಾಯಿತು. 1991ರಲ್ಲಿ ‘ರೌಡಿ ಅಲ್ಲುಡು’, ‘ಅಸೆಂಬ್ಲಿ ರೌಡಿ’. 1992ರಲ್ಲಿ ‘ರೌಡಿ ಇನ್‌ಸ್ಪೆಕ್ಟರ್’. ಕನ್ನಡದಲ್ಲಿ 1995ರ ‘ಓಂ’ನಿಂದ ಮುಂದೆ ಮಚ್ಚು ಲಾಂಗುಗಳ ಸಾಲು ಎಲ್ಲರಿಗೂ ಗೊತ್ತು. 2018ರಲ್ಲಿ ವಿಜಯ್ ದೇವರಕೊಂಡ ‘ರೌಡಿ’ ಎಂಬ ಹೆಸರಿನಲ್ಲೇ ಬಟ್ಟೆಯ ಬ್ರ್ಯಾಂಡ್ ಶುರು ಮಾಡಿದರು. ಆ ಅಂಗಿ ತೊಟ್ಟ ಸಾಫ್ಟ್‌ವೇರ್ ಹುಡುಗನಿಗೆ ರೌಡಿ ಒಂದು ಚೆಲುವು, ಬೇಕಾದಾಗ ತೊಟ್ಟು ಬೇಡವಾದಾಗ ಬಿಚ್ಚಿಡಬಹುದು. ಹಾಳೆಯಲ್ಲಿ ಹೆಸರಿರುವ ಆಟೋ ಚಾಲಕನಿಗೆ ಆ ಅನುಕೂಲ ಇಲ್ಲ. ಅವನ ಮಗನ ಶಾಲೆಯವರೆಗೆ, ಮಗಳ ಸಂಬಂಧ ನೋಡಲು ಬಂದವರವರೆಗೆ ಪದ ಅವನ ಹಿಂದೆಯೇ ಬರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಬೀದಿಯಲ್ಲಿ ತಳ್ಳುಗಾಡಿ ಇಟ್ಟವಳಿಗೆ ರೌಡಿ ಎಂದರೆ ಯಾರು ಎಂದು ಚೆನ್ನಾಗಿ ಗೊತ್ತು. ದಿನ ಸಂಜೆ ಬಂದು ಮಾಮೂಲು ಕೇಳುವವನು. ಪದ ಬಿಡಿ ಎನ್ನುವುದು ಅವನ ಪರವಾಗಿ ಮಾತಾಡಿದಂತೆ ಅಲ್ಲವೇ? ಅಲ್ಲ. ಅವಳು ದೂರು ಕೊಡಲು ಹೋದಾಗ ‘ಅವನು ರೌಡಿ’ ಎಂದಷ್ಟೇ ಹೇಳುವುದಿಲ್ಲ. ‘ದುಡ್ಡು ಕೇಳ್ದ, ಕೊಡಲ್ಲ ಅಂದೆ, ಗಾಡಿ ಒದ್ದ, ಮಗನ್ನ ನೋಡ್ಕೋತೀನಿ ಅಂದ’ ಎನ್ನುತ್ತಾ ಳೆ. ಬೆದರಿಸಿ ಹಣ ಕೇಳಿದ್ದು, ಆಸ್ತಿ ಹಾಳುಮಾಡಿದ್ದು, ಜೀವ ಬೆದರಿಕೆ: ಅವಳ ನಾಲ್ಕು ಮಾತಿನಲ್ಲಿ ಮೂರು ಅಪರಾಧಗಳು ಇವೆ. ಅದನ್ನೆಲ್ಲ ಅಳಿಸಿ ‘ರೌಡಿಯ ಪುಂಡಾಟ’ ಎಂದು ಬರೆದಾಗ ಅವಳ ದೂರು ದುರ್ಬಲವಾಗುತ್ತದೆ, ಅವನಿಗೆ ಬಿರುದು ಸಿಗುತ್ತದೆ. ಹೆದರಿಸಿ ಬದುಕುವವನಿಗೆ ಆ ಬಿರುದೇ ಬಂಡವಾಳ. ಮುಖಪುಟದಲ್ಲಿ ರೌಡಿ ಎಂದು ಅಚ್ಚಾದ ಮೇಲೆ ಮುಂದಿನ ಅಂಗಡಿಯಲ್ಲಿ ಅವನು ಧ್ವನಿ ಎತ್ತುವ ಅಗತ್ಯವೂ ಇರುವುದಿಲ್ಲ.

ಪೊಲೀಸರಿಗೆ ಮತ್ತೆ ಮತ್ತೆ ಅಪರಾಧ ಮಾಡುವವರ ಮೇಲೆ ನಿಗಾ ಬೇಡವೇ ಎಂದೂ ಕೇಳಬಹುದು. ಬೇಕಿದ್ದರೆ ಶಾಸನಸಭೆ ಕಾನೂನು ಮಾಡಲಿ, ಎಷ್ಟು ಕಾಲ, ಯಾವ ಕಾರಣಕ್ಕೆ, ಯಾರು ಪರಿಶೀಲಿಸಬೇಕು ಎಂದು ಬರೆಯಲಿ. ಅದು ಠಾಣೆಯ ಕೆಲಸದ ಚರ್ಚೆ. ಠಾಣೆಯ ಒಳಗಿನ ಟಿಪ್ಪಣಿಯ ಪದವನ್ನು ಊರಿನ ಪದ ಮಾಡುವುದು ಪತ್ರಿಕೆಯ ಕೆಲಸ ಅಲ್ಲ. ಸಕ್ಕರೆ ಕಾಯಿಲೆ ಇರುವವನನ್ನು ಆಸ್ಪತ್ರೆ ತನ್ನ ಕಡತದಲ್ಲಿ ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಅವನು ಸತ್ತಾಗ ಆ ಸಂಖ್ಯೆಯನ್ನು ಯಾರೂ ಶೀರ್ಷಿಕೆ ಮಾಡುವುದಿಲ್ಲ.

*

ಶೀರ್ಷಿಕೆಯಲ್ಲಿ ಜಾಗ ಇಲ್ಲ ಎನ್ನುವುದು ಸುದ್ದಿಮನೆಯ ಕೊನೆಯ ವಾದ. ‘ರೌಡಿಶೀಟರ್ ಕೊಲೆ’ ಎಂದರೆ ಎರಡೇ ಪದ. ನಿಜ. ಆದರೆ ಆ ಎರಡು ಪದ ಓದುಗನಿಗೆ ಏನು ಹೇಳಿದವು? ಸತ್ತವನು ಏನು ಕೆಲಸ ಮಾಡುತ್ತಿದ್ದ ಎಂದು ಹೇಳಲಿಲ್ಲ. ಅವನ ಮೇಲೆ ಎಷ್ಟು ಕೇಸುಗಳಿದ್ದವು, ಯಾವುದರಲ್ಲಿ ಶಿಕ್ಷೆ, ಯಾವುದರಲ್ಲಿ ಬಿಡುಗಡೆ ಎಂದು ಹೇಳಲಿಲ್ಲ. ಕೊಂದವರು ಯಾರು ಎಂಬ ಕುತೂಹಲವನ್ನೂ ಉಳಿಸಲಿಲ್ಲ. ಸಾಯಬೇಕಾದವನೇ ಸತ್ತ ಎಂದು ಮಾತ್ರ ಸೂಚಿಸಿದವು. ಕೊಲೆಯಾದವನ ಕುಟುಂಬಕ್ಕೆ ನ್ಯಾಯ ಬೇಕೋ ಬೇಡವೋ ಎಂಬ ತೀರ್ಪು ಎರಡು ಪದಗಳಲ್ಲಿ ಮುಗಿಯಿತು. ‘ನಡುಬೀದಿಯಲ್ಲಿ ಹೂವಿನ ವ್ಯಾಪಾರಿಯ ಕೊಲೆ’ ಎಂದೂ, ಕೆಳಗಿನ ಸಾಲಿನಲ್ಲಿ ‘ಇವರ ಮೇಲೆ 2 ಹೊಡೆದಾಟದ ಪ್ರಕರಣಗಳಿದ್ದು ಒಂದು ಖುಲಾಸೆಯಾಗಿತ್ತು’ ಎಂದೂ ಬರೆಯಲು ಇನ್ನೊಂದು ಸಾಲು ಸಾಕು. ವರದಿಗಾರನಿಗೆ ಇನ್ನೊಂದು ಫೋನ್ ಕರೆ ಬೇಕಾಗುತ್ತದೆ, ಅಷ್ಟೇ. ರೌಡಿ ಎಂಬ ಪದ ಉಳಿಸುತ್ತಿರುವುದು ಜಾಗವನ್ನಲ್ಲ, ಆ ಒಂದು ಕರೆಯನ್ನು.

ಅನುವಾದಕರ ಹೊಣೆ ಇದಕ್ಕಿಂತ ಕಡಿಮೆ ಅಲ್ಲ. ಅಪರಾಧ ವರದಿ, ನ್ಯಾಯಾಲಯದ ಆದೇಶ, ಕಂಪನಿಯ ನಡತೆ ಸಂಹಿತೆ, ಶಾಲೆಯ ಸೂಚನೆ ಎಲ್ಲವೂ ಇಂದು ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿವೆ. ‘ಅಸಾಲ್ಟ್’ ಬಂದಾಗ ಕೈ ಬಿತ್ತೋ, ಕೈ ಎತ್ತಿದ್ದು ಮಾತ್ರವೋ ಎಂದು ಮೂಲದಲ್ಲಿ ಹುಡುಕಬೇಕು. ‘ಬುಲಿಯಿಂಗ್’ ಬಂದಾಗ ‘ಕಿರುಕುಳ’ ಎಂದು ಮುಗಿಸದೆ, ಚಿಕ್ಕವರನ್ನು ಮತ್ತೆ ಮತ್ತೆ ಕಾಡುವುದು ಎಂದು ಬಿಡಿಸಬೇಕು. ‘ಅಸರ್ಟಿವ್’ ಬಂದಾಗ ಸೊಕ್ಕಿನ ಕಡೆಗೆ ವಾಲದ ಮಾತು ಹುಡುಕಬೇಕು. ‘ತನ್ನ ಮಾತನ್ನು ಅಳುಕದೆ ಹೇಳುವ’ ಎಂಬ ನಾಲ್ಕು ಪದ ಹೆಚ್ಚಾಗಲಿಲ್ಲ. ಯಾರು, ಯಾರಿಗೆ, ಏನು ಮಾಡಿದರು ಎಂಬ ಮೂರು ಪ್ರಶ್ನೆಗೆ ಉತ್ತರ ಇಲ್ಲದ ಪದವನ್ನು ಬಲದ ವಿಷಯದಲ್ಲಿ ಬಳಸಬಾರದು.

ಒನ್ ಟೌನ್ ಠಾಣೆಯ ಪುಸ್ತಕ ತನ್ನ ಹಾಳೆಗಳನ್ನು ತಾನು ನೋಡಿಕೊಳ್ಳಲಿ, ನ್ಯಾಯಾಲಯ ಆ ಪುಸ್ತಕವನ್ನು ನೋಡಿಕೊಳ್ಳಲಿ. ಕನ್ನಡದ ಹಾಳೆ ಕನ್ನಡದವರ ಕೈಯಲ್ಲೇ ಇದೆ. ಅದರಲ್ಲಿ ಒದ್ದವನನ್ನು ಒದ್ದ ಎಂದು ಬರೆಯಲಿ, ಕೊಂದವನನ್ನು ಕೊಂದ ಎಂದು ಬರೆಯಲಿ, ಬಿಂದಿಗೆ ಎತ್ತಿದವಳನ್ನು ಬಿಂದಿಗೆ ಎತ್ತಿದಳು ಎಂದು ಬರೆಯಲಿ.